ನಿಲ್ಲದ ಫ್ಯಾನ್: ಆರ್ಡರ್ ಕೊಡ್ತಿರೋದು ಯಾರು?

ಕಾರು ಪಾರ್ಕ್ ಮಾಡಿ, ಕೀ ತೆಗೆದು, ಡೋರ್ ಲಾಕ್ ಮಾಡಿ, ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬಂದ್ರೂ ಬಾನೆಟ್ ಒಳಗಡೆ ಫ್ಯಾನ್ ಗುಂಯ್ ಅಂತಾನೇ ಇದೆ. ಇಲ್ಲಾ ಅಂದ್ರೆ ಬೆಳಗ್ಗೆ ಕೀ ತಿರುಗಿಸಿದ ತಕ್ಷಣ, ಎಂಜಿನ್ ಇನ್ನೂ ತಣ್ಣಗಿರುವಾಗಲೇ, ಫುಲ್ ಸ್ಪೀಡಲ್ಲಿ ಶುರುವಾಗ್ಬಿಡತ್ತೆ. ಇಂಥ ಹೊತ್ತಲ್ಲಿ ಮೂರು ಸಲಹೆಗಳು ಪುಕ್ಕಟೆ ಸಿಗ್ತವೆ. "ಫ್ಯೂಸ್ ಕಿತ್ತು ಹಾಕು." "ಮೋಟರ್ ಹೋಗಿದೆ, ಹೊಸ ಫ್ಯಾನ್ ಹಾಕ್ಸು." "ಸೆನ್ಸರ್ ಚೇಂಜ್ ಮಾಡು, ಸರಿ ಹೋಗತ್ತೆ." ಮೊದಲನೆಯದು ಎಂಜಿನ್ನನ್ನೇ ತೆಗೆಯಬಹುದು. ಎರಡನೆಯದು ದುಡ್ಡು ದಂಡ. ಮೂರನೆಯದು ಲಾಟರಿ ಟಿಕೆಟ್.

ಸ್ವಲ್ಪ ಯೋಚನೆ ಮಾಡಿ. ಫ್ಯಾನ್ ಮೋಟರ್ ಅಂದ್ರೆ ಒಂದು ಸಾದಾ ಡಿಸಿ ಮೋಟರ್. 12 ವೋಲ್ಟ್ ಬಂದ್ರೆ ತಿರುಗತ್ತೆ, ಬರದಿದ್ರೆ ನಿಲ್ಲತ್ತೆ. ಕೆಟ್ಟರೆ ಕಿರುಗುಟ್ಟತ್ತೆ, ನಿಧಾನ ಆಗತ್ತೆ, ಇಲ್ಲಾ ಪೂರ್ತಿ ನಿಂತೇ ಹೋಗತ್ತೆ. ಕೆಟ್ಟುಹೋದ ಮೋಟರ್ ಬಿಡುವಿಲ್ಲದೆ ಚೆನ್ನಾಗಿ ಓಡೋದು ಅನ್ನೋದು ಇಲ್ಲ. ಹಾಗಾಗಿ ನಿಲ್ಲದ ಫ್ಯಾನಿನ ವಿಷಯದಲ್ಲಿ ಕೇಳಬೇಕಾದ್ದು "ಫ್ಯಾನಿಗೆ ಏನಾಗಿದೆ" ಅಂತಲ್ಲ, "ಅದಕ್ಕೆ ಓಡು ಅಂತ ಹೇಳ್ತಿರೋದು ಯಾರು" ಅಂತ. ಆ ಆರ್ಡರ್ ನಿಜವಾದ ಬಿಸಿಯಿಂದ ಬಂದಿರಬಹುದು, ಸುಳ್ಳು ರೀಡಿಂಗಿನಿಂದ ಬಂದಿರಬಹುದು, ಅಥವಾ ಯಾರೂ ಆರ್ಡರ್ ಕೊಡದೇ ಇದ್ದರೂ ಸ್ವಿಚ್ ಅಂಟಿಕೊಂಡಿರಬಹುದು. ಇವನ್ನು ಬೇರೆ ಬೇರೆ ಮಾಡೋಕೆ ಒಂದು ಮಲ್ಟಿಮೀಟರ್, ಮೊಬೈಲಿಗೆ ಕನೆಕ್ಟ್ ಆಗೋ ಒಂದು ಚಿಕ್ಕ ಓಬಿಡಿ ಅಡಾಪ್ಟರ್, ಮತ್ತೆ ತಣ್ಣಗಿರೋ ಎಂಜಿನ್ ಸಾಕು.

ಮೊದಲು ಒಂದು ಮಾತು. ಬಾನೆಟ್ ಎತ್ತೋ ಮುಂಚೆ ಕುತ್ತಿಗೆಯಲ್ಲಿರೋ ಐಡಿ ಕಾರ್ಡ್ ಟ್ಯಾಗ್ ತೆಗೆದು ಜೇಬಲ್ಲಿ ಇಟ್ಟುಕೊಳ್ಳಿ. ಎಲೆಕ್ಟ್ರಿಕ್ ಫ್ಯಾನ್ ಯಾವಾಗ ಬೇಕಾದ್ರೂ ಶುರುವಾಗಬಹುದು, ಕೆಲವು ಕಾರುಗಳಲ್ಲಿ ಕೀ ಆಫ್ ಇದ್ದರೂ ಸಹ.

ಇದು ನಿಜಕ್ಕೂ ರಿಪೇರಿ ಕೇಸೇನಾ?

ಅಂಬಾಸಿಡರ್ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಫ್ಯಾನ್ ವಾಟರ್ ಪಂಪಿನ ಪುಲ್ಲಿಗೆ ಸಿಕ್ಕಿಸಿಕೊಂಡು ಬೆಲ್ಟಿನಲ್ಲಿ ತಿರುಗುತ್ತಿತ್ತು. ಎಂಜಿನ್ ಓಡಿದಷ್ಟು ಹೊತ್ತೂ ಅದೂ ಓಡೋದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಎಂಜಿನ್ ಅಡ್ಡಡ್ಡ ಕೂತಿತು. ಅಡ್ಡ ಕೂತ ಎಂಜಿನ್ನಿನ ಪುಲ್ಲಿ ಕಾರಿನ ಪಕ್ಕಕ್ಕೆ ಮುಖ ಮಾಡಿರತ್ತೆ, ರೇಡಿಯೇಟರ್ ಮುಂದೆ ಇರತ್ತೆ. ಹಾಗಾಗಿ ಫ್ಯಾನಿಗೆ ಸ್ವಂತ ಮೋಟರ್ ಕೊಡೋದೇ ಸುಲಭ ಆಯ್ತು. ಅಲ್ಲಿಂದ ಫ್ಯಾನ್ ಅನ್ನೋದು ಬೇಕಾದಾಗ ಮಾತ್ರ ಓಡೋ ಸಾಮಾನು.

ಬೇಕಾದಾಗ ಅಂದ್ರೆ ಯಾವಾಗ? ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಥರ್ಮೋಸ್ಟಾಟ್ 82ರಿಂದ 88 ಡಿಗ್ರಿ ಆಸುಪಾಸಿನಲ್ಲಿ ತೆರೆದುಕೊಳ್ಳತ್ತೆ. ಫ್ಯಾನ್ 95ರಿಂದ 100 ಡಿಗ್ರಿ ಹತ್ತಿರ ಆನ್ ಆಗಿ, ಐದಾರು ಡಿಗ್ರಿ ಇಳಿದ ಮೇಲೆ ಆಫ್ ಆಗತ್ತೆ. ಆನ್ ಆಗೋಕೆ ಒಂದು ಮಟ್ಟ, ಆಫ್ ಆಗೋಕೆ ಇನ್ನೊಂದು. ಎಲೆಕ್ಟ್ರಾನಿಕ್ಸ್‌ನೋರಿಗೆ ಷ್ಮಿಟ್ ಟ್ರಿಗರ್ ನೆನಪಾದ್ರೆ ಸರಿಯಾಗೇ ನೆನಪಾಗಿದೆ, ಇದೂ ಅದೇ ಹಿಸ್ಟರಿಸಿಸ್. ಹೈವೇಯಲ್ಲಿ ಮುಂದಿನಿಂದ ನುಗ್ಗೋ ಗಾಳಿಯೇ ಸಾಕಾಗತ್ತೆ, ಫ್ಯಾನಿಗೆ ಹೆಚ್ಚು ಕೆಲಸ ಇಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಂಡಾಗ ಮಾತ್ರ ಪೂರಾ ಭಾರ ಅದರ ಮೇಲೇ.

ಹೀಗಾಗಿ ಎಸಿ ಹಾಕಿದಾಗ ಫ್ಯಾನ್ ಓಡ್ತಾ ಇದ್ರೆ ಅದು ತಪ್ಪಲ್ಲ. ಎಂಜಿನ್ ತಣ್ಣಗಿದ್ದರೂ ಕಂಡೆನ್ಸರಿಗೆ ಗಾಳಿ ಬೇಕು. ಮಳೆಗಾಲದಲ್ಲಿ ಮುಂದಿನ ಗ್ಲಾಸಿನ ಮಂಜು ತೆಗೆಯೋ ಡಿಫಾಗರ್ ಬಟನ್ ಒತ್ತಿದರೆ ಎಷ್ಟೋ ಕಾರುಗಳಲ್ಲಿ ಎಸಿ ಕಂಪ್ರೆಸರ್ ತಾನಾಗೇ ಸೇರಿಕೊಳ್ಳತ್ತೆ, ಜೊತೆಗೆ ಫ್ಯಾನೂ. ಎಂಜಿನ್ ಆಫ್ ಮಾಡಿದ ಮೇಲೆ ಕೆಲವು ನಿಮಿಷ ಫ್ಯಾನ್ ಓಡಿಸೋ ಕಾರುಗಳಿವೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್‌ಗಳಲ್ಲಿ ಸೈಲೆನ್ಸರ್ ದಾರಿಯ ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳತ್ತಲ್ಲ, ಆ ಹೊತ್ತಲ್ಲಿ ಗಾಡಿ ನಿಲ್ಲಿಸಿದರೂ ಫ್ಯಾನ್ ಜೋರಾಗಿ ಓಡತ್ತೆ. ಎಲೆಕ್ಟ್ರಿಕ್ ಕಾರು ಚಾರ್ಜಿಂಗಿಗೆ ಹಾಕಿದಾಗ ಫ್ಯಾನ್ ಶುರುವಾಗೋದೂ ಮಾಮೂಲಿ. ಆದ್ದರಿಂದ ಎಸಿ ಆಫ್ ಮಾಡಿ, ತಣ್ಣಗಿರೋ ಎಂಜಿನ್ ಮೇಲೆ ನೋಡಿ. ಆಗಲೂ ಓಡಿದ್ರೆ ಮುಂದಕ್ಕೆ ಹೋಗೋಣ. ಎಸಿ ಆಫ್ ಮಾಡಿದ ಕೂಡಲೇ ನಿಂತರೆ ಕೇಸು ಎಸಿ ಕಡೆಗೆ ಹೋಯ್ತು, ಕಂಡೆನ್ಸರಿನ ಕಸ, ಗ್ಯಾಸಿನ ಪ್ರೆಶರ್ ನೋಡಬೇಕು.

ಕೀ ಆಫ್, ಫ್ಯಾನ್ ಆನ್

ಸಾಧಾರಣ ಹ್ಯಾಚ್‌ಬ್ಯಾಕಿನ ಸರ್ಕ್ಯೂಟ್ ಬಹಳ ಸರಳ. ಬ್ಯಾಟರಿಯಿಂದ ದಪ್ಪ ವೈರ್ ಫ್ಯೂಸ್ ದಾಟಿ ರಿಲೇಯ 30ನೇ ಪಿನ್ನಿಗೆ ಬರತ್ತೆ, 87ರಿಂದ ಹೊರಟು ಮೋಟರಿಗೆ ಹೋಗತ್ತೆ. ರಿಲೇ ಒಳಗಿನ ಕಾಯಿಲ್ 85 ಮತ್ತು 86ರ ನಡುವೆ. ಕಾಯಿಲಿನ ಒಂದು ತುದಿಗೆ ಇಗ್ನಿಷನ್ ಆನ್ ಆದಾಗ 12 ವೋಲ್ಟ್ ಬರತ್ತೆ, ಇನ್ನೊಂದು ತುದಿಯನ್ನು ಇಸಿಯು ತನ್ನೊಳಗಿನ ಟ್ರಾನ್ಸಿಸ್ಟರ್ ಮೂಲಕ ಗ್ರೌಂಡಿಗೆ ಎಳೆಯತ್ತೆ. ಕಾಯಿಲ್ ರೆಸಿಸ್ಟೆನ್ಸ್ ಸುಮಾರು 70ರಿಂದ 100 ಓಂ, ಅಂದ್ರೆ ಇಸಿಯು ನಿಭಾಯಿಸಬೇಕಾದ್ದು 0.15 ಆಂಪಿಯರ್ ಮಾತ್ರ. ಆ ಕಡೆ ಕಾಂಟ್ಯಾಕ್ಟಿನಲ್ಲಿ ಹರಿಯೋದು 10, 15 ಆಂಪಿಯರ್. ಶುರುವಾಗೋ ಗಳಿಗೆಯಲ್ಲಿ ಅದರ ಹಲವು ಪಟ್ಟು.

ಈ ಚಿತ್ರ ತಲೆಯಲ್ಲಿದ್ರೆ ಕೀ ಆಫ್ ಮಾಡೋದೇ ಮೊದಲ ಟೆಸ್ಟ್. ಕೀ ತೆಗೆದರೆ ಕಾಯಿಲಿಗೆ ಕರೆಂಟೇ ಇಲ್ಲ. ಆದರೂ ಹತ್ತು ಹದಿನೈದು ನಿಮಿಷ ಕಳೆದ ಮೇಲೂ ಫ್ಯಾನ್ ಓಡ್ತಿದ್ರೆ, ಹೆಚ್ಚಿನ ಕಾರುಗಳಲ್ಲಿ ಅದರರ್ಥ ಇಸಿಯು, ಸೆನ್ಸರ್ ಯಾವುದೂ ಕಾರಣ ಅಲ್ಲ ಅಂತ. ಕಾಂಟ್ಯಾಕ್ಟ್ ಬೆಸುಗೆ ಹಾಕಿದ ಹಾಗೆ ಅಂಟಿಕೊಂಡಿದೆ. ಇದನ್ನು ನಾಳೆ ನೋಡೋಣ ಅಂತ ಬಿಡೋ ಹಾಗಿಲ್ಲ. 35 ಆಂಪಿಯರ್-ಅವರ್ ಬ್ಯಾಟರಿ, 15 ಆಂಪಿಯರ್ ಫ್ಯಾನ್. ಎರಡು ಪೀರಿಯಡ್ ಮುಗಿಸಿ ಬರೋದ್ರೊಳಗೆ ಕಾರು ತಳ್ಳೋಕೆ ಫ್ರೆಂಡ್ಸ್ ಬೇಕಾಗತ್ತೆ.

ರಿಲೇ ಕಿತ್ತು ನೋಡಿ. ಫ್ಯಾನ್ ನಿಂತಿತಾ? ರಿಲೇಯ 30 ಮತ್ತು 87ರ ನಡುವೆ ಮೀಟರ್ ಹಿಡಿಯಿರಿ. ಕಾಯಿಲಿಗೆ ಏನೂ ಕೊಡದೇ ಇರುವಾಗ ಅಲ್ಲಿ ಕಂಟಿನ್ಯುಟಿ ಬರಬಾರದು. ಬೀಪ್ ಬಂದ್ರೆ ಕಳ್ಳ ಸಿಕ್ಕಿದ. ಮೀಟರ್ ಇಲ್ಲದಿದ್ರೆ ಫ್ಯೂಸ್ ಬಾಕ್ಸಿನಲ್ಲಿ ಅದೇ ಪಾರ್ಟ್ ನಂಬರಿನ, ಅದೇ ಪಿನ್ನಿನ ಇನ್ನೊಂದು ರಿಲೇ ಜೊತೆ ಅದಲು ಬದಲು ಮಾಡಬಹುದು. ಹಾರ್ನ್ ರಿಲೇ ಜೊತೆ ಮಾಡೋದು ರೂಢಿ, ಆದರೆ ರಾತ್ರಿ ಹಾಸ್ಟೆಲ್ ಮುಂದೆ ಮಾಡ್ಬೇಡಿ. ಅಂಟಿದ ರಿಲೇ ಹಾರ್ನ್ ಜಾಗಕ್ಕೆ ಹೋದ್ರೆ ಹಾರ್ನ್ ನಿಲ್ಲೋದಿಲ್ಲ.

ರಿಲೇ ಕಿತ್ತರೂ ಫ್ಯಾನ್ ಓಡ್ತಾನೇ ಇದ್ರೆ? ರಿಲೇ ಆದ ಮೇಲಿನ ವೈರಿಗೆ ಬೇರೆ ಎಲ್ಲಿಂದಲೋ 12 ವೋಲ್ಟ್ ಬರ್ತಿದೆ. ಎರಡು ಸ್ಪೀಡಿನ ಫ್ಯಾನ್ ಆದ್ರೆ ಎರಡನೇ ರಿಲೇ ಇರತ್ತೆ, ಅದನ್ನೂ ಕಿತ್ತು ನೋಡಿ. ಅದೂ ಅಲ್ಲ ಅಂದ್ರೆ ಯಾರೋ ವೈರ್ ಎಳೆದಿದ್ದಾರೆ. ಆ ವಿಷಯಕ್ಕೆ ಕೊನೆಯಲ್ಲಿ ಬರ್ತೀನಿ.

ಒಂದು ವೇಳೆ ಹೊಸ ರಿಲೇ ಹಾಕಿ ಎರಡು ತಿಂಗಳಿಗೆ ಅದೂ ಅಂಟಿಕೊಂಡರೆ, ಆಗ ಮೋಟರನ್ನು ಕಟಕಟೆಗೆ ಕರೆಯಬೇಕು. ಬೇರಿಂಗ್, ಬ್ರಷ್ ಸವೆದು ಬಿಗಿಯಾದ ಮೋಟರ್ ಹೆಚ್ಚು ಕರೆಂಟ್ ಎಳೆಯತ್ತೆ, ಕಾಂಟ್ಯಾಕ್ಟ್ ಕಾಯತ್ತೆ, ಅಂಟತ್ತೆ. ಡಿಸಿ ಅಳೆಯೋ ಕ್ಲ್ಯಾಂಪ್ ಮೀಟರ್ ಲ್ಯಾಬಿನಲ್ಲಿ ಇದ್ರೆ ಕೇಳಿ ತಂದು ಓಡುವಾಗ ಎಷ್ಟು ಎಳೀತಿದೆ ನೋಡಿ. ಫ್ಯೂಸಿನ ರೇಟಿಂಗ್ ಹತ್ತಿರ ಹತ್ತಿರ ಇದ್ರೆ ರಿಲೇ ಬದಲಾಯಿಸ್ತಾ ಕೂರೋದ್ರಲ್ಲಿ ಅರ್ಥ ಇಲ್ಲ.

ಕೀ ಆನ್ ಮಾಡಿದರೆ ಮಾತ್ರ ಓಡೋದಾದ್ರೆ

ಈಗ ಕೇಸು ಸ್ವಾರಸ್ಯದ್ದು. ರಿಲೇ ಹೊರಗಿಟ್ಟು, ತಣ್ಣನೆ ಎಂಜಿನ್, ಎಸಿ ಆಫ್, ಇಗ್ನಿಷನ್ ಆನ್. ಸಾಕೆಟ್ಟಿನ 85 ಮತ್ತು 86ಕ್ಕೆ ಮೀಟರಿನ ಎರಡು ಕಡ್ಡಿ ಇಡಿ. 12 ವೋಲ್ಟ್ ಬಂದ್ರೆ ಯಾರೋ ಕಾಯಿಲನ್ನು ಗ್ರೌಂಡಿಗೆ ಎಳೀತಿದ್ದಾರೆ. ಆ ಯಾರೋ ಇಸಿಯುನಾ, ಇಲಿನಾ? ತಮಾಷೆಗೆ ಹೇಳ್ತಿಲ್ಲ. ನಿಲ್ಲಿಸಿದ ಕಾರಿನ ವೈರ್ ಕಡಿಯೋದರಲ್ಲಿ ನಮ್ಮೂರ ಇಲಿಗಳದ್ದು ಎತ್ತಿದ ಕೈ. ಸಿಪ್ಪೆ ಹೋದ ಕಂಟ್ರೋಲ್ ವೈರ್ ಬಾಡಿಗೆ ತಾಗಿದರೆ ರಿಲೇಗೆ ಅದೂ ಇಸಿಯು ಆರ್ಡರೇ.

ಓಬಿಡಿ ಆ್ಯಪಿನಲ್ಲಿ ಫ್ಯಾನ್ ಕಮ್ಯಾಂಡ್ ತೋರಿಸೋ ಸೌಲಭ್ಯ ಇದ್ರೆ ನೋಡಿ. ಇದು ಕಂಪನಿ ಸ್ಕ್ಯಾನರಿನಲ್ಲಿ ಸಿಗೋದು ಹೆಚ್ಚು. ಕಮ್ಯಾಂಡ್ ಆಫ್ ಅಂತ ಇದ್ದೂ ಸಾಕೆಟ್ಟಿನಲ್ಲಿ 12 ವೋಲ್ಟ್ ಇದ್ರೆ ವೈರ್ ಬಾಡಿಗೆ ತಾಗಿದೆ, ಇಲ್ಲಾ ಇಸಿಯು ಒಳಗಿನ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ. ಬ್ಯಾಟರಿಯ ನೆಗೆಟಿವ್ ಬಿಡಿಸಿ, ಇಸಿಯು ಕನೆಕ್ಟರ್ ತೆಗೆದು, ಆ ಒಂದು ವೈರಿಗೂ ಬಾಡಿಗೂ ಕಂಟಿನ್ಯುಟಿ ನೋಡಿ. ಬೀಪ್ ಬಂದ್ರೆ ವೈರ್. ಬರದಿದ್ರೆ ಇಸಿಯು ಮೇಲೆ ಅನುಮಾನ, ಆದರೆ ಅದು ಅಪರೂಪ. ಹಾಗಾಗಿ "ಇಸಿಯು ಹೋಗಿದೆ ಸಾರ್" ಅಂತ ಯಾರಾದ್ರೂ ಮೊದಲನೇ ಮಾತಲ್ಲೇ ಹೇಳಿದ್ರೆ ಈ ಟೆಸ್ಟ್ ಮಾಡಿದ್ರಾ ಅಂತ ಕೇಳಿ.

ಕಮ್ಯಾಂಡೇ ಆನ್ ಇದ್ರೆ ಇಸಿಯು ಬೇಕಂತಲೇ ಓಡಿಸ್ತಿದೆ. ಯಾಕೆ? ಅದಕ್ಕೆ ಕಾಣೋದು ಒಂದೇ ವೋಲ್ಟೇಜ್. ಕೂಲೆಂಟ್ ಸೆನ್ಸರ್ ಅನ್ನೋದು ಎನ್‌ಟಿಸಿ ಥರ್ಮಿಸ್ಟರ್, ಬಿಸಿ ಏರಿದ ಹಾಗೆ ರೆಸಿಸ್ಟೆನ್ಸ್ ಇಳಿಯತ್ತೆ. ರಸ್ತೆಯಲ್ಲಿ ಓಡೋ ಎಷ್ಟೋ ಕಾರುಗಳಲ್ಲಿ 20 ಡಿಗ್ರಿಗೆ ಸುಮಾರು 2.45 ಕಿಲೋಓಂ, 80 ಡಿಗ್ರಿಗೆ ಸುಮಾರು 0.32 ಕಿಲೋಓಂ. ಇಸಿಯು ಒಳಗೆ 5 ವೋಲ್ಟಿಗೆ ಒಂದು ಪುಲ್-ಅಪ್ ರೆಸಿಸ್ಟರ್. ಲೆಕ್ಕಕ್ಕೆ 2.2 ಕಿಲೋಓಂ ಅಂತ ಇಟ್ಕೊಳ್ಳಿ. ಫಸ್ಟ್ ಇಯರಿನ ವೋಲ್ಟೇಜ್ ಡಿವೈಡರ್, ಅಷ್ಟೇ. 20 ಡಿಗ್ರಿಗೆ 2.63 ವೋಲ್ಟ್, 80 ಡಿಗ್ರಿಗೆ 0.63 ವೋಲ್ಟ್. ವೈರ್ ತುಂಡಾದ್ರೆ 5 ವೋಲ್ಟ್, ಆಗ ಸ್ಕ್ಯಾನರಿನಲ್ಲಿ ಮೈನಸ್ 40 ಡಿಗ್ರಿ. ಶಾರ್ಟ್ ಆದ್ರೆ ಸೊನ್ನೆ, ಸ್ಕ್ಯಾನರಿನಲ್ಲಿ 130, 140 ಡಿಗ್ರಿ.

ಇಲ್ಲಿ ಎಷ್ಟೋ ಜನ ಎಡವೋ ಜಾಗ ಒಂದಿದೆ. ಮೈನಸ್ 40 ಅಂದ್ರೆ ಹಿಮದಷ್ಟು ತಣ್ಣಗೆ, ಮತ್ತೆ ಫ್ಯಾನ್ ಯಾಕೆ ಓಡತ್ತೆ? ಯಾಕಂದ್ರೆ ಇಸಿಯು ಅದನ್ನು ನಂಬೋದಿಲ್ಲ. 5 ವೋಲ್ಟ್ ಅನ್ನೋದು ಚಳಿ ಅಲ್ಲ, ಸೆನ್ಸರ್ ಸಂಪರ್ಕ ಕಡಿದಿರೋ ಸೂಚನೆ ಅಂತ ಅದಕ್ಕೆ ಗೊತ್ತು. ಬಿಸಿ ಎಷ್ಟಿದೆ ಅಂತ ಗೊತ್ತಾಗದಿದ್ರೆ ಕೆಟ್ಟದ್ದನ್ನೇ ಊಹಿಸಿಕೊಂಡು ಫ್ಯಾನ್ ಓಡಿಸಿಬಿಡೋದು ಕ್ಷೇಮ. ಡಿಸೈನ್ ಮಾಡಿದೋರು ಬರೆದಿಟ್ಟ ಫೇಲ್-ಸೇಫ್ ಅದು. ಜೊತೆಗೆ ಪಿ0118 ಕೋಡ್ ಹಾಕತ್ತೆ, ಶಾರ್ಟ್ ಆದ್ರೆ ಪಿ0117. ರಿಲೇ ಬದಲು ಪಿಡಬ್ಲ್ಯುಎಂ ಮಾಡ್ಯೂಲ್ ಇರೋ ಅನೇಕ ಕಾರುಗಳಲ್ಲೂ ಹೀಗೇ, ಸಿಗ್ನಲ್ ಬರೋದು ನಿಂತರೆ ಮಾಡ್ಯೂಲ್ ತಾನೇ ಫುಲ್ ಸ್ಪೀಡಿಗೆ ಹೋಗತ್ತೆ. ಹಾಗಾಗಿ ಸೆನ್ಸರ್ ಕನೆಕ್ಟರ್ ಬಿಡಿಸಿದಾಗ ಫ್ಯಾನ್ ಶುರುವಾದ್ರೆ ಗಾಬರಿ ಬೇಡ, ಫೇಲ್-ಸೇಫ್ ಸರಿ ಇದೆ ಅಂತಷ್ಟೇ.

ಪೂರ್ತಿ ಓಪನ್, ಪೂರ್ತಿ ಶಾರ್ಟ್ ಸುಲಭ, ಕೋಡ್ ಬಂದುಬಿಡತ್ತೆ. ಕೋಡೇ ಇಲ್ಲದೆ ಕಾಡೋದು ಅರ್ಧಂಬರ್ಧ ಕೆಟ್ಟ ಸೆನ್ಸರ್. ಕನೆಕ್ಟರ್ ಪಿನ್ನಿಗೆ ಕಿಲುಬು ಹಿಡಿದರೆ ರೆಸಿಸ್ಟೆನ್ಸ್ ಸೀರೀಸಿನಲ್ಲಿ ಸೇರತ್ತೆ, ಇಸಿಯುಗೆ ಎಂಜಿನ್ ಇರೋದಕ್ಕಿಂತ ತಣ್ಣಗೆ ಕಾಣತ್ತೆ, ಫ್ಯಾನ್ ತಡವಾಗಿ ಬರತ್ತೆ. ಅದು ನಮ್ಮ ಕೇಸಲ್ಲ, ಅದಕ್ಕಿಂತ ಅಪಾಯದ್ದು. ಕನೆಕ್ಟರ್ ಒಳಗೆ ಕೂಲೆಂಟ್ ಸೋರಿ ಎರಡು ಪಿನ್ ನಡುವೆ ಲೀಕೇಜ್ ಆದ್ರೆ ರೆಸಿಸ್ಟೆನ್ಸ್ ಪ್ಯಾರಲಲ್ ಆಗತ್ತೆ. ಉದಾಹರಣೆಗೆ 200 ಓಂ ಲೀಕೇಜ್ ಇದೆ ಅಂದುಕೊಳ್ಳಿ. ತಣ್ಣನೆ ಎಂಜಿನ್ನಿನ 2.45 ಕಿಲೋಓಂ ಜೊತೆ ಪ್ಯಾರಲಲ್ ಆದ್ರೆ 185 ಓಂ. ಆ ಥರ್ಮಿಸ್ಟರಿನ ಲೆಕ್ಕದಲ್ಲಿ ಅದು 100 ಡಿಗ್ರಿ! ಕೋಡ್ ಇಲ್ಲ, ವಾರ್ನಿಂಗ್ ಲೈಟ್ ಇಲ್ಲ, ಇಸಿಯು ಪ್ರಾಮಾಣಿಕವಾಗಿ ಮೋಸ ಹೋಗಿದೆ.

ಇದನ್ನು ಹಿಡಿಯೋಕೆ ನನಗೆ ಬಹಳ ಇಷ್ಟವಾದ ಟೆಸ್ಟ್ ಒಂದಿದೆ, ಖರ್ಚಿಲ್ಲದ್ದು. ಕಾರನ್ನು ರಾತ್ರಿಯಿಡೀ ನಿಲ್ಲಿಸಿ. ಬೆಳಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಆ್ಯಪಿನಲ್ಲಿ ಕೂಲೆಂಟ್ ಟೆಂಪರೇಚರ್ ಮತ್ತೆ ಒಳಬರೋ ಗಾಳಿಯ ಟೆಂಪರೇಚರ್ ಎರಡನ್ನೂ ಓದಿ. ಇಡೀ ರಾತ್ರಿ ನಿಂತ ಕಾರಿನಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ ಇರಬೇಕು, ಎರಡು ಮೂರು ಡಿಗ್ರಿ ಆಚೀಚೆ. ಗಾಳಿ 21, ಕೂಲೆಂಟ್ 70 ಅಂತ ತೋರಿಸಿದ್ರೆ ಸೆನ್ಸರ್ ದಾರಿಯಲ್ಲಿ ಸುಳ್ಳಿದೆ. ಆಮೇಲೆ ಕನೆಕ್ಟರ್ ಬಿಡಿಸಿ, ರೀಡಿಂಗ್ ಮೈನಸ್ 40ಕ್ಕೆ ಬೀಳಬೇಕು ಅಥವಾ ಕೋಡ್ ಬರಬೇಕು. ಎರಡು ಪಿನ್ನನ್ನು ವೈರ್ ತುಂಡಿನಿಂದ ಸೇರಿಸಿದ್ರೆ ರೀಡಿಂಗ್ ಮೇಲಕ್ಕೆ ಹಾರಬೇಕು. ಎರಡೂ ಆದ್ರೆ ವೈರ್, ಇಸಿಯು ಸರಿ ಇವೆ, ಸೆನ್ಸರ್ ಬದಲಾಯಿಸಿ. ಈಗ ಅದು ಲಾಟರಿ ಅಲ್ಲ. ಒಂದು ಎಚ್ಚರಿಕೆ: ಕೆಲವು ಇಸಿಯುಗಳು ಸೆನ್ಸರ್ ಕೆಟ್ಟಾಗ 80 ಡಿಗ್ರಿಯಂಥ ಒಂದು ಹುಸಿ ಸಂಖ್ಯೆ ತೋರಿಸ್ತವೆ. ಬೆಳಗ್ಗಿನಿಂದ ಸಂಜೆವರೆಗೂ ಅಲುಗಾಡದ ರೀಡಿಂಗ್ ಕಂಡ್ರೆ ನಂಬ್ಬೇಡಿ.

ಫ್ಯಾನ್ ಹೇಳ್ತಿರೋದು ನಿಜ ಆಗಿದ್ರೆ

ಇಷ್ಟೆಲ್ಲ ನೋಡಿಯೂ ಸೆನ್ಸರ್ ಸತ್ಯವನ್ನೇ ಹೇಳ್ತಿದೆ, ಎಂಜಿನ್ ನಿಜಕ್ಕೂ ಬಿಸಿ ಇದೆ ಅಂದ್ರೆ ಫ್ಯೂಸ್ ಕೀಳೋ ಸಲಹೆ ಎಷ್ಟು ಕೆಟ್ಟದ್ದು ಅಂತ ಗೊತ್ತಾಗತ್ತೆ. ಆ ಫ್ಯಾನ್ ಒಂದೇ ನಿಮ್ಮ ಹೆಡ್ ಗ್ಯಾಸ್ಕೆಟ್ಟನ್ನು ಕಾಪಾಡ್ತಾ ಇತ್ತು. ಅಲ್ಯೂಮಿನಿಯಂ ಹೆಡ್ ಒಮ್ಮೆ ಬಾಗಿದರೆ ಆಮೇಲಿನ ಬಿಲ್ಲಿಗೆ ಹೋಲಿಸಿದ್ರೆ ರಿಲೇ, ಸೆನ್ಸರ್ ಚಿಲ್ಲರೆ ದುಡ್ಡು.

ಬಿಸಿಗೆ ಕಾರಣ ಹಲವು. ಎಂಜಿನ್ ತಣ್ಣಗಾದ ಮೇಲೆ ಕೂಲೆಂಟ್ ಲೆವೆಲ್ ನೋಡಿ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆದರೆ ಮುಖಕ್ಕೆ ಕುದಿಯೋ ನೀರು ಚಿಮ್ಮತ್ತೆ. ಒಳಗೆ ಸುಮಾರು 1 ಬಾರ್ ಹೆಚ್ಚುವರಿ ಪ್ರೆಶರ್ ಇರೋದರಿಂದಲೇ ಅದು 100 ದಾಟಿದ್ರೂ ಕುದಿಯದೆ ಕೂತಿರತ್ತೆ. ಕ್ಯಾಪಿನ ರಬ್ಬರ್ ಸವೆದು ಈ ಪ್ರೆಶರ್ ನಿಲ್ಲದಿದ್ರೆ, ಮೇಲಿಂದ ಬರೀ ನೀರು ತುಂಬಿಸಿದ್ರೆ, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 97 ಡಿಗ್ರಿಗೇ ಕುದಿಯತ್ತೆ. ಫ್ಯಾನ್ ಆನ್ ಆಗೋ ಹೊತ್ತಿಗೇ ಕುದಿ! ಬೋರ್‌ವೆಲ್ ನೀರಾದ್ರೆ ಇನ್ನೂ ಮಜಾ. ಸ್ನಾನದ ಗೀಸರಿನಲ್ಲಿ ಕಟ್ಟೋ ಅದೇ ಬಿಳಿ ಪದರ ರೇಡಿಯೇಟರ್ ಕೊಳವೆಗಳಲ್ಲಿ ಕಟ್ಟತ್ತೆ.

ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದ್ರೆ ರೇಡಿಯೇಟರಿನ ಒಂದು ಹೋಸ್ ಮುಟ್ಟೋಕಾಗದಷ್ಟು ಬಿಸಿ, ಇನ್ನೊಂದು ತಣ್ಣಗೆ. ತೆರೆದೇ ಉಳಿದ್ರೆ ಎಂಜಿನ್ ಬಿಸಿಯೇ ಆಗಲ್ಲ, ಫ್ಯಾನೂ ಬರಲ್ಲ, ಹಾಗಾಗಿ ನಿಲ್ಲದ ಫ್ಯಾನಿಗೆ ಅದನ್ನು ದೂರಬೇಡಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಧೂಳು, ಹುಳ, ಎಲೆ ಕೂತು ಕಂಬಳಿ ಹೊದಿಸಿದ ಹಾಗಾಗಿರತ್ತೆ. ಮುಂದಿನಿಂದ ನೋಡಿದ್ರೆ ಕಾಣೋದೇ ಇಲ್ಲ.

ಇನ್ನೊಂದು ತಪ್ಪು ಈಚೆಗೆ ಮೋಟರ್ ಬದಲಾಯಿಸಿದ ಕಾರಿನಲ್ಲಿ ಮಾತ್ರ ಇರತ್ತೆ: ವೈರ್ ತಿರುವುಮುರುವು. ಡಿಸಿ ಮೋಟರ್ ಖುಷಿಯಿಂದ ಉಲ್ಟಾ ತಿರುಗತ್ತೆ. ಸದ್ದು ಅದೇ, ಆದರೆ ಗಾಳಿ ಎಂಜಿನ್ ಕಡೆಯಿಂದ ಮುಂದಕ್ಕೆ. ನಿಂತಾಗ ಎಂಜಿನ್ನಿನ ಬಿಸಿ ಗಾಳಿಯನ್ನೇ ರೇಡಿಯೇಟರಿಗೆ ಊದತ್ತೆ, ಓಡುವಾಗ ಎದುರು ಗಾಳಿ ಜೊತೆ ಜಗಳ. ಬಿಸಿ ಇಳಿಯೋದಿಲ್ಲ, ಫ್ಯಾನ್ ನಿಲ್ಲೋದಿಲ್ಲ. ಗ್ರಿಲ್ ಮುಂದೆ ಲ್ಯಾಬ್ ರೆಕಾರ್ಡಿನ ಒಂದು ಹಾಳೆ ಹಿಡಿಯಿರಿ. ರೇಡಿಯೇಟರ್ ಹಿಂದೆ ಕೂತ ಫ್ಯಾನ್ ಆದ್ರೆ ಹಾಳೆ ಒಳಕ್ಕೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದ್ರೆ ಉತ್ತರ ಸಿಕ್ಕಿತು.

'ಡೈರೆಕ್ಟ್' ಮಾಡಿದ ಫ್ಯಾನ್

ಇನ್ನು ಯಾರೋ ಎಳೆದ ವೈರಿನ ವಿಷಯ. ನಮ್ಮ ಕಡೆ ಗ್ಯಾರೇಜುಗಳಲ್ಲಿ ಒಂದು ರೂಢಿ ಇದೆ. ಫ್ಯಾನ್ ಸರಿಯಾಗಿ ಬರ್ತಿಲ್ಲ ಅಂದ್ರೆ "ಡೈರೆಕ್ಟ್ ಮಾಡ್ಬಿಡ್ತೀನಿ ಸಾರ್" ಅಂತಾರೆ. ಇಗ್ನಿಷನ್ನಿನಿಂದ ಒಂದು ವೈರ್, ಕೀ ಹಾಕಿದ್ರೆ ಫ್ಯಾನ್, ತೆಗೆದ್ರೆ ಆಫ್. ಘಾಟಿ ರಸ್ತೆಯಲ್ಲಿ ರಾತ್ರಿ ಕೈಕೊಟ್ಟ ಕಾರನ್ನು ಮನೆ ಮುಟ್ಟಿಸೋಕೆ ಇದು ಒಳ್ಳೇ ಉಪಾಯವೇ, ನಾನು ಬೈಯೋದಿಲ್ಲ. ತೊಂದರೆ ಏನಂದ್ರೆ ಅದನ್ನು ಆಮೇಲೆ ಯಾರೂ ಬಿಚ್ಚೋದಿಲ್ಲ. 15 ಆಂಪಿಯರ್ ಫ್ಯಾನಿಗೆ ಸೀರಿಯಲ್ ಸೆಟ್ಟಿನಷ್ಟು ತೆಳ್ಳನೆ ವೈರ್, ಫ್ಯೂಸ್ ಇಲ್ಲ, ಟೇಪ್ ಸುತ್ತಿದ ಜಾಯಿಂಟ್. ಸಿಪ್ಪೆ ಕರಗಿ ಬಾಡಿಗೆ ತಾಗಿದರೆ ಬೆಂಕಿಗೆ ಅಷ್ಟು ಸಾಕು. ಮುಖ್ಯವಾಗಿ, ಯಾವ ಕಾರಣಕ್ಕೆ ಡೈರೆಕ್ಟ್ ಮಾಡಿದ್ರೋ ಆ ಕಾರಣ ಒಳಗೇ ಉಳಿದುಕೊಂಡಿರತ್ತೆ. ಕೆಟ್ಟ ಸೆನ್ಸರ್ ಆಗಿದ್ರೆ ಸರಿ, ಕಟ್ಟಿಕೊಂಡ ರೇಡಿಯೇಟರ್ ಅಥವಾ ಸೋರೋ ಹೆಡ್ ಗ್ಯಾಸ್ಕೆಟ್ ಆಗಿದ್ರೆ?

ಕಾಲೇಜು ಮುಗಿಸಿ ಮೊದಲ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋರು ನಮ್ಮಲ್ಲಿ ಬೇಕಾದಷ್ಟು ಜನ. ನೋಡೋಕೆ ಬೆಳಗ್ಗೆಯೇ ಹೋಗಿ, ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಹೇಳಿ. ಬಾನೆಟ್ ಮುಟ್ಟಿ ತಣ್ಣಗಿದೆ ಅಂತ ಖಾತ್ರಿ ಮಾಡ್ಕೊಳ್ಳಿ. ಎಸಿ ಆಫ್, ಡಿಫಾಗರ್ ಆಫ್, ಇಗ್ನಿಷನ್ ಆನ್. ಆಗಲೇ ಫ್ಯಾನ್ ಶುರುವಾದ್ರೆ ರಿಲೇ ಕಿತ್ತು ನೋಡಿ. ಆಮೇಲೂ ನಿಲ್ಲದಿದ್ರೆ ಮೋಟರ್ ಕನೆಕ್ಟರಿನಿಂದ ಹೊರಟ ವೈರನ್ನು ಕೈಯಲ್ಲೇ ಹಿಂಬಾಲಿಸಿ, ಕಂಪನಿ ವೈರಿಂಗಿಗೆ ಸೇರದ ಬಣ್ಣದ ವೈರ್ ಎಲ್ಲಿ ಕೂಡಿಕೊಂಡಿದೆ ನೋಡಿ. ಸಿಕ್ಕಿದ್ರೆ ಓನರ್ ಹತ್ರ ಬೆಲೆ ಮಾತಾಡೋ ಮುಂಚೆ ಅದನ್ನು ಬಿಚ್ಚಿಸಿ, ಹಳೇ ಸರ್ಕ್ಯೂಟಿನಲ್ಲೇ ಅರ್ಧ ಗಂಟೆ ನಿಂತಲ್ಲೇ ಐಡ್ಲಿಂಗಿನಲ್ಲಿ ಓಡಿಸಿ. ಒಂದು ಕಣ್ಣು ಟೆಂಪರೇಚರ್ ಮೇಲೆ ಇರಲಿ. ಅದು 100 ದಾಟಿ ಏರ್ತಾನೇ ಹೋದ್ರೆ ತಕ್ಷಣ ಎಂಜಿನ್ ಆಫ್ ಮಾಡಿ.